ಎರಡೇ ಕಿಲೋ, ಹೆಚ್ಚೇನಿಲ್ಲ

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಕಲಿಸದ ವಿದ್ಯೆ ಇಲ್ಲ. ಮೈತ್ರಿವನಂ ಕಟ್ಟಡದ ಎದುರು ನಿಂತು ತಲೆ ಎತ್ತಿದರೆ ಆಕಾಶ ಕಾಣುವುದಿಲ್ಲ, ಬೋರ್ಡುಗಳು ಕಾಣುತ್ತವೆ. ಜಾವಾ, ಪೈಥಾನ್, ಸ್ಯಾಪ್, ಡೆವಾಪ್ಸ್. ಮೊನ್ನೆ ಮೊನ್ನೆ ಹುಟ್ಟಿದ ತಂತ್ರಜ್ಞಾನಕ್ಕೂ ಇಲ್ಲಿ 15 ವರ್ಷ ‘ರಿಯಲ್ ಟೈಮ್’ ಅನುಭವ ಇರುವ ಸರ್ ಒಬ್ಬರು ಸಿಕ್ಕೇ ಸಿಗುತ್ತಾರೆ. 45 ದಿನದ ಕೋರ್ಸು, ಮೊದಲೆರಡು ದಿನ ಡೆಮೊ ಫ್ರೀ, ನೋಟ್ಸು ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ. ವೀಸಾ ಸಂದರ್ಶನದಲ್ಲಿ ಎಷ್ಟು ಹಲ್ಲು ಕಾಣಬೇಕು ಎಂಬುದಕ್ಕೂ ತರಬೇತಿ ಉಂಟು. ಬೋರ್ಡಿಲ್ಲದ ವಿದ್ಯೆ ಒಂದೇ: ಹೊರಡುವ ಮುಂಚೆ ಸೂಟ್‌ಕೇಸಿನಿಂದ ನಾಲ್ಕು ಸಾಮಾನು ಹೊರಗೆ ತೆಗೆಯುವುದು.

ಇದಕ್ಕೊಂದು ಬ್ಯಾಚ್ ಶುರು ಮಾಡೋಣವೆಂದು ನಾನೇ ಯೋಚಿಸಿದ್ದೆ. ಆದರೆ ಯಾರೂ ಸೇರುವುದಿಲ್ಲ. ಅಮೆರಿಕಕ್ಕೆ ಹೋಗುವವನು ಅಮೀರ್‌ಪೇಟ್‌ನಲ್ಲಿರುತ್ತಾನೆ, ಅವನ ಸೂಟ್‌ಕೇಸು ತುಂಬುವವರು ಊರಲ್ಲಿರುತ್ತಾರೆ. ಕ್ಲಾಸಿಗೆ ಬರಬೇಕಾದವರೇ ಬೇರೆ, ಫೀಸು ಕಟ್ಟುವವನೇ ಬೇರೆ.

ಈ ಬೀದಿಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ನಾವು ಬೀದರಿನವರು. ಬೀದರಿಗೆ ಬೆಂಗಳೂರು ಒಂದು ಇಡೀ ರಾತ್ರಿಯ ದಾರಿ. ಹೈದರಾಬಾದು ಹಾಗಲ್ಲ, ಬೆಳಿಗ್ಗೆ ಸುಸಲಾ ತಿಂದು ಬಸ್ಸು ಹತ್ತಿ ಜಹೀರಾಬಾದು ದಾಟಿದರೆ ಊಟದ ಹೊತ್ತಿಗೆ ಇಲ್ಲಿ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿಗೆ ನಿಜಾಮರ ಈ ಊರೇ ರಾಜಧಾನಿ. ಈಗ ನಮ್ಮ ಹುಡುಗರ ಕೋಚಿಂಗಿಗೆ ರಾಜಧಾನಿ. ಹೀಗಾಗಿ ಊರ ಕಡೆಯ ಯಾರ ಮಗ ಎಲ್ಲಿಗೆ ಹೊರಟರೂ ಅವನ ಸೂಟ್‌ಕೇಸು ಕೊನೆಯ ಮೂರು ದಿನ ನಮ್ಮ ಮನೆಯ ಹಾಲಿನಲ್ಲಿ ಬಾಯಿ ತೆರೆದು ಬಿದ್ದಿರುತ್ತದೆ. ಅದನ್ನು ದಾಟಿಕೊಂಡು ಬಚ್ಚಲಿಗೆ ಹೋಗುವ ಅಭ್ಯಾಸ ನನಗೀಗ ಚೆನ್ನಾಗಿ ಆಗಿದೆ.

ಈ ಸಲ ನನ್ನ ತಂಗಿಯ ಮಗ. ಎಂ.ಎಸ್. ಓದಲು ಟೆಕ್ಸಸ್‌ಗೆ. ಹೊರಡುವ ಮುಂಚೆ ಅವನು ಒಂದು ವರ್ಷ ಇಲ್ಲೇ ಹಾಸ್ಟೆಲ್ಲಿನಲ್ಲಿದ್ದ. ಮಾಮಾನ ಮನೆ ಇರುವಾಗ ಹಾಸ್ಟೆಲ್ ಯಾಕೆ ಅಂತ ತಂಗಿಗೆ ಸಿಟ್ಟು. ಮಾಮಾನ ಮನೆ ಇರುವುದರಿಂದಲೇ ಹಾಸ್ಟೆಲ್ ಅಂತ ಅವನ ಲೆಕ್ಕ. ಒಂದು ಸಲ ಅವನ ರೂಮು ನೋಡಲು ಹೋಗಿದ್ದೆ. ಒಂದು ಕೋಣೆಗೆ ಐದು ಕಬ್ಬಿಣದ ಮಂಚ. ಮಂಚದ ಕೆಳಗೊಂದು ಬ್ಯಾಗು. ತಲೆದೆಸೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಮೂರು ಅಂಗಿ. ಒಂದು ಬಕೇಟು, ಅದರ ಮೈಮೇಲೆ ಕೆಂಪು ಬಣ್ಣದಲ್ಲಿ 7 ಎಂದು ಬರೆದಿತ್ತು, ಕಳುವಾಗದ ಹಾಗೆ. ಬಕೇಟಿನೊಳಗೆ ಮಗ್ಗು, ಮಗ್ಗಿನೊಳಗೆ ಸೋಪಿನ ಡಬ್ಬಿ, ಬ್ರಶ್ಶು. ಇಷ್ಟೇ ಆಸ್ತಿ. ನಾನು ಕೂತಿರುವಾಗಲೇ ವಾರ್ಡನ್ ಬಂದು, ‘ತಮ್ಮುಡೂ, ಹೊಸಬರು ಬಂದಿದ್ದಾರೆ, ನೀನು ಮೂರನೇ ಮಹಡಿಗೆ ಶಿಫ್ಟಾಗು’ ಎಂದ. ಹುಡುಗ ಅಂಗಿಗಳನ್ನು ಹೆಗಲಿಗೆ ಹಾಕಿದ, ಒಂದು ಕೈಗೆ ಬ್ಯಾಗು, ಇನ್ನೊಂದು ಕೈಗೆ ಬಕೇಟು. ನಾಲ್ಕು ನಿಮಿಷಕ್ಕೆ ಮನೆ ಬದಲಾಯಿತು. ಜಗತ್ತಿನ ಯಾವ ಪ್ರವಾಸಿಯೂ ಇಷ್ಟು ಹಗುರಾಗಿ ಹೊರಟದ್ದನ್ನು ನಾನು ಕಂಡಿಲ್ಲ. ಅಮೀರ್‌ಪೇಟ್ ಹಾಸ್ಟೆಲ್ಲುಗಳಲ್ಲಿ ಇಂಥವರು ಗಲ್ಲಿಗೊಂದು ಗುಂಪು ಇದ್ದಾರೆ. ಬೋರ್ಡಿಲ್ಲದ ಆ ವಿದ್ಯೆಯನ್ನು ಬೋರ್ಡಿಲ್ಲದೆಯೇ ಕಲಿತವರು.

ಇಂಥವನಿಗೆ ವೀಸಾ ಸಿಕ್ಕಿತು. ನಾನಕ್‌ರಾಮ್‌ಗುಡದ ಅಮೆರಿಕನ್ ಕಾನ್ಸುಲೇಟಿಗೆ ಹೋಗುವಾಗ ಅವನ ಕೈಯಲ್ಲಿದ್ದದ್ದು ಒಂದು ಫೈಲು. ಅಲ್ಲಿ ಬ್ಯಾಗೂ ಬಿಡುವುದಿಲ್ಲ, ಮೊಬೈಲೂ ಬಿಡುವುದಿಲ್ಲ. ಅದಕ್ಕೂ ಮೊದಲು ಚಿಲುಕೂರು ಬಾಲಾಜಿಗೆ 11 ಸುತ್ತು ಹಾಕಿ ಬಂದಿದ್ದ. ಊರೆಲ್ಲ ‘ವೀಸಾ ಬಾಲಾಜಿ’ ಎನ್ನುವ ಆ ದೇವರ ಗುಡಿಯಲ್ಲಿ ಹುಂಡಿಯೇ ಇಲ್ಲ. ಬರಿಗೈಯಲ್ಲಿ ಹೋಗಬೇಕು, ಕೆಲಸ ಆದ ಮೇಲೆ 108 ಸುತ್ತು ಹಾಕಿ ಬರಿಗೈಯಲ್ಲೇ ಬರಬೇಕು. ಅಂದರೆ ಅಮೆರಿಕ ಸರ್ಕಾರವೂ ದೇವರೂ ಈ ಹುಡುಗನಿಂದ ಬಯಸಿದ್ದು ಒಂದು ಪಾರದರ್ಶಕ ಫೈಲು, ಎರಡು ಕಾಲು. ಉಳಿದ 46 ಕಿಲೋ ಬಯಸಿದವರು ನಾವು.

ಈ 46ರ ಕಥೆ ಹೇಳಲೇಬೇಕು. ಇಲ್ಲಿಂದ ಅಮೆರಿಕಕ್ಕೆ ಸಾಮಾನ್ಯವಾಗಿ ಎರಡು ದೊಡ್ಡ ಸೂಟ್‌ಕೇಸು ಬಿಡುತ್ತಾರೆ, ಒಂದೊಂದಕ್ಕೆ 23 ಕಿಲೋ. ಕೈಚೀಲಕ್ಕೆ 7 ಕಿಲೋ. ವಿಮಾನದವರು ಇದನ್ನು ಮಿತಿ ಎಂದು ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನು ರೇಷನ್ ಎಂದು ಓದುತ್ತಾರೆ. ಕಾರ್ಡಿಗೆ ಇಷ್ಟು ಕಿಲೋ ಅಕ್ಕಿ ಬರುತ್ತದೆ ಎಂದ ಮೇಲೆ ಒಂದು ಕಾಳೂ ಬಿಡದೆ ತರಬೇಕಲ್ಲ, ಹಾಗೆ. ‘ಸ್ವಲ್ಪ ಕಡಿಮಿ ಒಯ್ಲಿ ಬಿಡು’ ಎಂದೆ.

‘ಅಣ್ಣಾ, ಪುಕ್ಕಟ ಕೊಟ್ಟಾರ. ಬಿಟ್ಟು ಹೋದ್ರ ಆ ಜಾಗ ವಿಮಾನದವರು ಬ್ಯಾರೆಯವರಿಗಿ ಮಾರ್ಕೋತಾರ’ ಎಂದಳು ತಂಗಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಆ ವರ್ಷ ಚೀನಾದವರನ್ನೂ ಹಿಂದೆ ಹಾಕಿದೆವು ಎಂದು ಪತ್ರಿಕೆಗಳು ಬೀಗಿದವು. ತಲೆಗೆ 46 ಕಿಲೋದಂತೆ ಗುಣಿಸಿ ನೋಡಿ, 15 ಸಾವಿರ ಟನ್ನು ದಾಟುತ್ತದೆ. ಇದರಲ್ಲಿ ಪುಸ್ತಕದ ಪಾಲೆಷ್ಟು, ಉಪ್ಪಿನಕಾಯಿಯ ಪಾಲೆಷ್ಟು ಎಂದು ಲೆಕ್ಕ ಮಾಡುವ ಧೈರ್ಯ ಯಾವ ವಿಶ್ವವಿದ್ಯಾಲಯಕ್ಕೂ ಬಂದಿಲ್ಲ.

ಕನ್ಸಲ್ಟೆನ್ಸಿಯವರು ಒಂದು ಪಟ್ಟಿ ಕೊಟ್ಟಿದ್ದರು. ನಾಲ್ಕು ಪುಟ. ಮೂರು ಲೀಟರಿನ ಕುಕ್ಕರ್ ಒಂದು, ಅದಕ್ಕೆ ಹೆಚ್ಚುವರಿ ಗ್ಯಾಸ್ಕೆಟ್ ಎರಡು, ಸೀಟಿ ಒಂದು. ತವಾ, ಲಟ್ಟಣಿಗೆ, ಇಕ್ಕಳ. ಒಳಬಟ್ಟೆ 15 ಜೊತೆ, ಅಮೆರಿಕದಲ್ಲಿ ನೀರಿಲ್ಲವೇನೋ ಎಂಬಂತೆ. ನೇಲ್ ಕಟರ್ ಎರಡು, ಕೈಗೊಂದು ಕಾಲಿಗೊಂದು ಇರಬೇಕು. ಈ ಪಟ್ಟಿ ಬರೆದವರು ಯಾರು ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷದಿಂದ ವಾಟ್ಸಾಪಿನಲ್ಲಿ ಸುತ್ತುತ್ತಿದೆ, ಪ್ರತಿಯೊಬ್ಬರೂ ಮುಂದಿನವನಿಗೆ ಕಳಿಸುವಾಗ ಒಂದೊಂದು ಸಾಮಾನು ಸೇರಿಸಿದ್ದಾರೆ, ತೆಗೆದವರು ಒಬ್ಬರೂ ಇಲ್ಲ. ನಮ್ಮ ಪುರಾಣಗಳೂ ಬೆಳೆದದ್ದು ಹೀಗೆಯೇ.

ಆಮೇಲೆ ಊರಿನಿಂದ ಜನ ಬಂದರು.

ಸೂಟ್‌ಕೇಸು ತುಂಬುವುದನ್ನು ಹತ್ತಿರದಿಂದ ನೋಡದವರಿಗೆ ಅದೊಂದು ಕೆಲಸ ಅನಿಸೀತು. ಅಲ್ಲ, ಅದು ಸಂತರ್ಪಣೆ. ಜೋಳದ ಖಡಕ್ ರೊಟ್ಟಿ 60. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮೂರಕ್ಕೂ ಬೇರೆ ಬೇರೆ ಡಬ್ಬಿ. ದೊಡ್ಡಪ್ಪ ಕಲಬುರಗಿಯಿಂದ ಐದು ಕಿಲೋ ತೊಗರಿಬೇಳೆ ತಂದಿದ್ದ. ‘ನಮ್ಮ ತೊಗರಿಗಿ ಜಿಐ ಟ್ಯಾಗ್ ಅದ, ಅಲ್ಲಿ ತೋರಿಸ್ರಿ’ ಎಂದ. ಯಾರಿಗೆ ತೋರಿಸಬೇಕು ಎಂದು ಹೇಳಲಿಲ್ಲ. ಬೀದರಿನವರೆಂದ ಮೇಲೆ ಬಿದ್ರಿ ಸಾಮಾನು ಇಲ್ಲದಿದ್ದರೆ ಹೇಗೆ? ಅವನ ಪ್ರೊಫೆಸರಿಗೆ ಕೊಡಲೆಂದು ಒಂದು ಹೂದಾನಿ ಬಂತು. ಸತುವು ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣು ಸವರಿ ಕರಿ ಮಾಡಿದ್ದು. ಅಪ್ಪಟ ಕಲೆ, ಅಷ್ಟೇ ಅಪ್ಪಟ ತೂಕ. ಸ್ಕ್ಯಾನರಿನೊಳಗೆ ಅದು ಏನಾಗಿ ಕಾಣುತ್ತದೆ ಎಂದು ಯೋಚಿಸಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ಕಾಕಾ ಒಂದು ಮಿಕ್ಸರ್ ತಂದ, 230 ವೋಲ್ಟಿನದು. ಅಮೆರಿಕದ ಕರೆಂಟು 120 ವೋಲ್ಟು. ಅಲ್ಲಿ ಅದು ಏಕಾದಶಿ ಉಪವಾಸ ಹಿಡಿದವರ ಹಾಗೆ ತಿರುಗುತ್ತದೆ ಎಂದೆ. ‘ತಿರಗತದಲ್ಲ, ಸಾಕು’ ಎಂದ.

ಸೋದರತ್ತೆ ಬಂದು ಅರಿಶಿನ ಕುಂಕುಮ ಹಚ್ಚಿ ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಸೂಟ್‌ಕೇಸಿನ ಮೂಲೆಯಲ್ಲಿಟ್ಟು ಕಣ್ಣೊರೆಸಿಕೊಂಡಳು. ಇಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ವಿಮಾನದ ಲೋಕದಲ್ಲಿ ಒಣ ಕೊಬ್ಬರಿ ತಾನೇ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಪಟ್ಟಿಯಲ್ಲಿದೆ. ಅದಕ್ಕೊಂದು ಅಂತರರಾಷ್ಟ್ರೀಯ ಅಪಾಯದ ಸಂಖ್ಯೆ ಕೂಡ ಇದೆ, 1363. ಎಣ್ಣೆಯಂಶ ಜಾಸ್ತಿ, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಕಂಡರೆ ಹೊರಗೆ ತೆಗೆಸುತ್ತಾರೆ. ಇದನ್ನು ವಿವರಿಸಿದೆ. ಅತ್ತೆ ನನ್ನನ್ನು ಒಂದು ಕ್ಷಣ ದಿಟ್ಟಿಸಿ, ‘ಐವತ್ತು ವರ್ಷದಿಂದ ಉಡಿಯಾಗ ಕಟ್ಕೊಂಡು ತಿರಗ್ಯಾಡೀನಿ, ನನಗೇನೂ ಬೆಂಕಿ ಹತ್ತಿಲ್ಲ’ ಎಂದಳು. ತಿಪಟೂರಿನವರು ಕೇಳಿದರೆ ಅವಳಿಗೆ ಸನ್ಮಾನ ಮಾಡುತ್ತಿದ್ದರು.

ಗಸಗಸೆಯ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಮಸಾಲೆ ಪೊಟ್ಟಣಗಳ ನಡುವೆ ಕಾಲು ಕಿಲೋ ಗಸಗಸೆ ಅಡಗಿತ್ತು, ಪಾಯಸಕ್ಕೆಂದು. ಹುಡುಗನ ವಿಮಾನ ದುಬೈ ಮೇಲೆ ಹೋಗುತ್ತಿತ್ತು. ಅಲ್ಲಿ ಗಸಗಸೆ ಅಂದರೆ ಅಫೀಮಿನ ಗಿಡದ ಬೀಜ, ಮಾದಕ ವಸ್ತುವಿನ ಲೆಕ್ಕ. ಅದನ್ನು ಒಯ್ದು ಜೈಲು ಕಂಡವರಿದ್ದಾರೆ. ಪಾಯಸ ಕುಡಿದರೆ ನಿದ್ದೆ ಬರುವುದು ನಮಗೆಲ್ಲ ಗೊತ್ತು, ಅವರಿಗೂ ಗೊತ್ತಿದೆ, ಅಷ್ಟೇ ವ್ಯತ್ಯಾಸ. ಪೊಟ್ಟಣವನ್ನು ನನ್ನ ಜೇಬಿಗೆ ಹಾಕಿಕೊಂಡೆ. ಕರಿಬೇವನ್ನೂ ತೆಗೆದೆ, ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಕೂತು ಬರುತ್ತದೆಂದು ಅಮೆರಿಕದವರು ಒಳಗೆ ಬಿಡುವುದಿಲ್ಲ. ಜನ ನನ್ನನ್ನು ಕಸ್ಟಮ್ಸ್ ಇಲಾಖೆಯವರ ಕಡೆಯವನು ಎಂಬಂತೆ ನೋಡತೊಡಗಿದರು.

ಹೆದರಿಸೋಣವೆಂದು ವಾಷಿಂಗ್ಟನ್ ಕಥೆ ಹೇಳಿದೆ. 2021ರ ಏಪ್ರಿಲ್‌ನಲ್ಲಿ ಭಾರತದಿಂದ ಬಂದ ವಿಮಾನದ ಒಂದು ಸೂಟ್‌ಕೇಸು ಅಲ್ಲಿನ ಡಲಸ್ ನಿಲ್ದಾಣದಲ್ಲಿ ಹಾಗೆಯೇ ಉಳಿದಿತ್ತು. ತೆರೆದು ನೋಡಿದರೆ ಒಳಗೆ ಎರಡು ಕುಳ್ಳು. ಸಗಣಿಯ ಕುಳ್ಳು. ಕಾಲುಬಾಯಿ ಜ್ವರ ಹರಡೀತೆಂದು ಅದನ್ನು ನಾಶ ಮಾಡಿ, ಅಮೆರಿಕದ ಕಸ್ಟಮ್ಸ್‌ನವರು ಜಗತ್ತಿಗೆಲ್ಲ ಗೊತ್ತಾಗುವ ಹಾಗೆ ಪ್ರಕಟಣೆ ಹೊರಡಿಸಿದರು. ಕಥೆ ಮುಗಿಸಿ ಪರಿಣಾಮಕ್ಕೆ ಕಾದೆ.

‘ಎರಡೇ ಒಯ್ದಿದ್ರೇನು?’ ಎಂದಳು ಅತ್ತೆ.

ಕೊನೆಯ ಅಸ್ತ್ರವಾಗಿ ಗಾಂಧೀಜಿಯನ್ನು ಕರೆತಂದೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ರಜಪುತಾನ ಹಡಗಿನಲ್ಲಿ ಹೊರಟಾಗ, ಜೊತೆಯವರು ತಂದಿದ್ದ ಪೆಟ್ಟಿಗೆಗಳ ರಾಶಿ ನೋಡಿ ಮುದುಕ ಕೆಂಡವಾದರು. ಹೆಚ್ಚಾದ ಪೆಟ್ಟಿಗೆಗಳು ಏಡನ್ ಬಂದರಿನಿಂದಲೇ ಬೊಂಬಾಯಿಗೆ ವಾಪಸಾದವು. ತಂಗಿ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಲೇ, ‘ಅವರು ಬಟ್ಟೀನೇ ಉಡ್ತಿರಲಿಲ್ಲಲ್ಲಣ್ಣಾ, ಅವರಿಗ್ಯಾತರ ಪ್ಯಾಕಿಂಗ್’ ಎಂದಳು.

ಈ ಸಾಮಾನಿಷ್ಟೂ ಊರಿನಿಂದ ಬಂದದ್ದು. ಉಪ್ಪಿನಕಾಯಿಗೆ ಹೈದರಾಬಾದೇ ಆಗಬೇಕೆಂದು ಸಂಜೆ ನನ್ನನ್ನು ಹೊರಡಿಸಿದರು. ಈ ಊರಿನಲ್ಲಿ ಉಪ್ಪಿನಕಾಯಿ, ಕುರುಕಲು ಮಾರುವ ಅಂಗಡಿಗಳಿಗೆ ಸ್ವಗೃಹ ಫುಡ್ಸ್ ಎಂದು ಹೆಸರು. ಸ್ವಗೃಹ ಬಿಟ್ಟು ಹೋಗುವವರಿಂದಲೇ ನಡೆಯುವ ವ್ಯಾಪಾರ. ಕೌಂಟರಿನ ಹುಡುಗ ಆವಕಾಯಿ ತೂಗುತ್ತ ಕೇಳಿದ್ದು ಒಂದೇ ಮಾತು: ‘ಯುಎಸ್ ಪ್ಯಾಕಿಂಗಾ ಅಣ್ಣಾ?’ ಹೂಂ ಎಂದೆ. ಉಪ್ಪಿನಕಾಯಿಯನ್ನು ದಪ್ಪ ಪ್ಲಾಸ್ಟಿಕ್ಕಿಗೆ ಸುರಿದ, ಮಷೀನಿನ ತುಟಿಗೆ ಕೊಟ್ಟು ಗಾಳಿಯೆಲ್ಲ ಹೀರಿಸಿದ, ಅದರ ಮೇಲೆ ಇನ್ನೊಂದು ಚೀಲ, ಮತ್ತೆ ಗಾಳಿ, ಮೇಲೆ ಟೇಪು. ಕೈಗೆ ಬಂದಾಗ ಅದು ತಿನ್ನುವ ವಸ್ತುವಿನಂತಿರಲಿಲ್ಲ. ನ್ಯಾಯಾಲಯಕ್ಕೆ ಹಾಜರುಪಡಿಸುವ ಸಾಕ್ಷ್ಯದಂತಿತ್ತು. ಎಣ್ಣೆ ಸೋರಿದರೆ? ‘ಸೋರಲ್ಲ ಅಣ್ಣಾ, ಗ್ಯಾರಂಟಿ.’ ಸೋರಿದರೆ ಟೆಕ್ಸಸ್‌ನಿಂದ ಅಮೀರ್‌ಪೇಟ್‌ಗೆ ಬಂದು ಜಗಳ ಆಡುವವರು ಯಾರು?

ಇಷ್ಟೆಲ್ಲಕ್ಕೂ ನಾನು ದೂರುವುದು ಚಕ್ರವನ್ನು. ಮನುಷ್ಯ 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ, ಸೂಟ್‌ಕೇಸಿಗೆ ಚಕ್ರ ಹಾಕಿದ್ದಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತನಿಗೆ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಅದಕ್ಕೆ ಮೊದಲು ನಮ್ಮಲ್ಲಿ ಹೋಲ್ಡಾಲು, ಟ್ರಂಕು, ಬುತ್ತಿಗಂಟು. ಎಷ್ಟು ಒಯ್ಯಬೇಕು ಎಂದು ತೀರ್ಮಾನಿಸುವ ಅಧಿಕಾರ ಹೆಗಲಿಗಿತ್ತು; ಅದು ಸೋತರೆ ಕಾಚಿಗುಡ ಸ್ಟೇಷನ್ನಿನ ಕೂಲಿಯವನು ಒಂದು ಮಾತು ಅನ್ನುತ್ತಿದ್ದ, ಮಾನ ಹೋಗುತ್ತಿತ್ತು. ಈಗ ಎರಡು ಬೆರಳಲ್ಲಿ ಅರ್ಧ ಕ್ವಿಂಟಲ್ ಉರುಳುತ್ತದೆ. ಎತ್ತುವ ಕಷ್ಟ ಹೋಗಿಲ್ಲ, ಕಣ್ಣಿಗೆ ಬೀಳದ ಕಡೆಗೆ ಹೋಗಿದೆ. 32 ಕಿಲೋ ದಾಟಿದ ಪೆಟ್ಟಿಗೆಯನ್ನು ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳದಿರುವುದು ವಿಮಾನಕ್ಕೆ ಭಾರವಾಗುತ್ತದೆಂದಲ್ಲ. ಅದನ್ನು ಕೆಳಗೆ ಎತ್ತಿ ಎಸೆಯುವವನಿಗೂ ಒಂದು ಸೊಂಟ ಇದೆಯೆಂದು.

ತೂಕದ ಶಾಸ್ತ್ರ ರಾತ್ರಿ ನಡೆಯಿತು. ನಮ್ಮ ಬಚ್ಚಲಮನೆಯ ತೂಕದ ಯಂತ್ರದ ಮೇಲೆ ಭಾವ ಸೂಟ್‌ಕೇಸನ್ನು ಅಪ್ಪಿಕೊಂಡು ನಿಂತ. ನಂತರ ಸೂಟ್‌ಕೇಸಿಲ್ಲದೆ ನಿಂತ. ಮೊದಲಿನದರಲ್ಲಿ ಎರಡನೆಯದನ್ನು ಕಳೆಯಬೇಕು. 23.2 ಬಂತು. ಊಟ ಮಾಡಿ ಬಂದು ಮತ್ತೆ ನಿಂತ, 22.4. ಭಾವನ ಊಟ ಮಗನ ಸೂಟ್‌ಕೇಸಿನಲ್ಲಿ ಜಾಗ ಮಾಡಿಕೊಟ್ಟಿತೆಂದು ಎಲ್ಲರಿಗೂ ಖುಷಿ. ಆ 600 ಗ್ರಾಮಿಗೆ ಒಂದು ಡಬ್ಬಿ ಕರದಂಟು ಹೋಯಿತು.

ಈ ಗದ್ದಲದಲ್ಲಿ ಹುಡುಗ ಎಲ್ಲಿದ್ದ? ಮೂಲೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ಪಾಸ್‌ಪೋರ್ಟು, ವಿಶ್ವವಿದ್ಯಾಲಯದ ಐ-20 ಪತ್ರ, ಡಾಕ್ಟರ ಚೀಟಿ ಸಮೇತ ಔಷಧಿ ಮೈಮೇಲಿನ ಚೀಲದಲ್ಲಿ, ಎಂದು ಅವನಿಗೆ ಎಲ್ಲ ಗೊತ್ತಿತ್ತು. ಅಷ್ಟನ್ನು ಯಾವಾಗಲೋ ಮಾಡಿ ಮುಗಿಸಿದ್ದ. ಅವನು ತಾನಾಗಿ ದೊಡ್ಡ ಸೂಟ್‌ಕೇಸಿನಲ್ಲಿಟ್ಟದ್ದು ಮೂರು ವಸ್ತು: ಓಡುವ ಬೂಟು, ಒಂದು ದಪ್ಪ ಜಾಕೆಟ್ಟು, ಬ್ರೆಡ್ಡಿನಷ್ಟು ದಪ್ಪದ ಒಂದು ಅಲ್ಗಾರಿದಂ ಪುಸ್ತಕ.

ಮರುದಿನ ಒಬ್ಬನನ್ನು ಕಳಿಸಲು 14 ಜನ ಒಂದು ಕ್ರೂಸರಿನಲ್ಲಿ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಟೆವು. ನಿಲ್ದಾಣದ ತಕ್ಕಡಿ ನಮ್ಮ ಬಚ್ಚಲಮನೆಯ ತಕ್ಕಡಿಯ ಜೊತೆ ಯಾವ ನೆಂಟಸ್ತನವನ್ನೂ ಒಪ್ಪಲಿಲ್ಲ. 27.4, 25.9. ಹುಡುಗ ಎರಡನ್ನೂ ಉರುಳಿಸಿಕೊಂಡು ಬಾಗಿಲ ಹತ್ತಿರ ವಾಪಸು ಬಂದ, ಗಾಜಿನಾಚೆ ನಾವು 14 ಜನ. ಅವನು ಒಳಗೆ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿದ, ನಾವು ಹೊರಗಿನಿಂದ ಫೋನಿನಲ್ಲಿ ಮಾರ್ಗದರ್ಶನ ಮಾಡಿದೆವು. ಅಕ್ಕಪಕ್ಕದಲ್ಲಿ ಇನ್ನೂ ಐದಾರು ಹುಡುಗರು ಹೀಗೆಯೇ ನೆಲಕ್ಕೆ ಕೂತಿದ್ದರು. ಗುಂಟೂರು, ವರಂಗಲ್, ನಿಜಾಮಾಬಾದು, ಎಲ್ಲರ ಒಳಬಟ್ಟೆಗಳೂ ಎಲ್ಲರಿಗೂ ಕಾಣುತ್ತಿದ್ದವು.

‘ರೊಟ್ಟಿ ತೆಗಿಬ್ಯಾಡ, ಮುರೀತಾವ!’ ‘ಬ್ಯಾಳಿ ಇರ್ಲಿ, ದೊಡ್ಡಪ್ಪಗ ಬೇಜಾರಾಗತದ!’ ‘ಹೂದಾನಿ ಅಂತೂ ಬ್ಯಾಡೇ ಬ್ಯಾಡ, ನಾಲ್ಕು ಸಾವಿರ ಕೊಟ್ಟೀವಿ!’

ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ವಕೀಲರಿದ್ದರು. ವಕೀಲರಿಲ್ಲದ ವಸ್ತುಗಳು ಹೊರಗೆ ಬಂದವು: ಬೂಟು, ಪುಸ್ತಕ. ಅಷ್ಟಕ್ಕೆ ಸಾಲದೆ ಕುಕ್ಕರಿನ ಮುಚ್ಚಳವನ್ನೂ ತೆಗೆದದ್ದಾಯಿತು, ಕುಕ್ಕರ್ ಮಾತ್ರ ಒಳಗೇ ಉಳಿಯಿತು. ಜಾಕೆಟ್ಟನ್ನು ಮೈಮೇಲೆ ಹಾಕಿಕೊಂಡ, ಮೈಮೇಲಿದ್ದದ್ದನ್ನು ತೂಗುವುದಿಲ್ಲ. ಆಗಸ್ಟಿನ ಸೆಖೆಯಲ್ಲಿ ಹಿಮಾಲಯದ ಸೈನಿಕನ ಹಾಗೆ ಬೆವರುತ್ತ ನಮಗೆ ಕೈ ಬೀಸಿದ.

ವಿಮಾನ ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳುವುದುಂಟು: ಈ ಬ್ಯಾಗನ್ನು ನೀವೇ ತುಂಬಿದಿರಾ? ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ? ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಇದು. 1986ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಒಬ್ಬ ಬಸುರಿ ಹೆಂಗಸಿನ ಬ್ಯಾಗಿನ ತಳದಲ್ಲಿ ಬಾಂಬು ಸಿಕ್ಕಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಬ್ಯಾಗು ಕೊಟ್ಟವನು ಅವಳನ್ನು ಮದುವೆಯಾಗುವೆನೆಂದಿದ್ದ ಗಂಡಸು. ಬ್ಯಾಗನ್ನು ಬೇರೆಯವರು ಪ್ರೀತಿಯಿಂದ ತುಂಬಿಕೊಟ್ಟಾಗಲೇ ಹೆಚ್ಚು ಎಚ್ಚರ ಬೇಕು ಎಂದು ಭದ್ರತೆಯವರಿಗೆ ಅವತ್ತೇ ಗೊತ್ತಾಗಿದೆ. ನಮ್ಮ ಹುಡುಗನಿಗೂ ಆ ಪ್ರಶ್ನೆ ಬಂತಂತೆ. ನಾನೇ ತುಂಬಿದೆ, ಯಾರೂ ಏನೂ ಕೊಟ್ಟಿಲ್ಲ ಎಂದು ಹೇಳಿದನಂತೆ. 11 ಜನ ಸೇರಿ ತುಂಬಿದ ಸೂಟ್‌ಕೇಸು ಅದು. ಉನ್ನತ ಶಿಕ್ಷಣ ಹೀಗೆ ಸುಳ್ಳಿನಿಂದ ಶುರುವಾಯಿತು.

ಹದಿನೈದು ದಿನ ಬಿಟ್ಟು ಫೋನ್ ಮಾಡಿದ. ಡಲ್ಲಾಸ್ ಹತ್ತಿರ ನಾಲ್ವರು ಸೇರಿ ಮನೆ ಹಿಡಿದಿದ್ದಾರೆ. ನಾಲ್ವರ ಪಟ್ಟಿಯೂ ಒಂದೇ ಆದ್ದರಿಂದ ಮನೆಯಲ್ಲೀಗ ನಾಲ್ಕು ಕುಕ್ಕರು, ಎಂಟು ಹೆಚ್ಚುವರಿ ಗ್ಯಾಸ್ಕೆಟ್ಟು, ಎಂಟು ನೇಲ್ ಕಟರು. ಒಂದು ಕುಕ್ಕರಿಗೆ ಮುಚ್ಚಳ ಇಲ್ಲ. ಮನೆಯಿಂದ ಹತ್ತು ನಿಮಿಷಕ್ಕೆ ಪಟೇಲ್ ಬ್ರದರ್ಸ್ ಇದೆ. ಷಿಕಾಗೋದಲ್ಲಿ 1974ರಲ್ಲಿ ಒಂದು ಅಂಗಡಿಯಾಗಿ ಶುರುವಾಗಿ ಈಗ ಅಮೆರಿಕದ ಎಷ್ಟೋ ಊರುಗಳಲ್ಲಿರುವ ಕಿರಾಣಿ. ‘ಅಲ್ಲಿ ಜ್ವಾಳದ ಹಿಟ್ಟೂ ಸಿಗತದ ಮಾಮಾ, ತೊಗರಿಬ್ಯಾಳಿನೂ ಸಿಗತದ. ನಮ್ಮ ಗಲ್ಲಿಯಾಗ ಸಿಗೋ ಆವಕಾಯಿನೂ ಇಟ್ಟಾರ’ ಎಂದ.

‘ಹೂದಾನಿ ಪ್ರೊಫೆಸರಿಗಿ ಕೊಟ್ಟೇನು?’

‘ಅವರು ಆನ್‌ಲೈನ್‌ನಾಗೇ ಪಾಠ ಮಾಡ್ತಾರ ಮಾಮಾ. ಈ ಊರಾಗೇ ಇಲ್ಲ.’

‘ಬಟ್ಟಿ ಎಲ್ಲ ಸಾಕಾದವೇನು?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಗ್ವಾಡಿಗಿ ಮೊಳಿ ಹೊಡೀಲಾಕ ಬಿಡಂಗಿಲ್ಲ ಇಲ್ಲಿ. ಕುರ್ಚಿ ಮ್ಯಾಲೆ ಮೂರು ಅಂಗಿ ಹಾಕೀನಿ. ಅವೇ ಹಾಕ್ಕೋತೀನಿ. ಉಳಿದಿದ್ದು ಸೂಟ್‌ಕೇಸ್‌ನಾಗೇ ಅವ, ಇನ್ನಾ ಬಿಚ್ಚಿಲ್ಲ.’

ಫೋನಿಡುವ ಮುಂಚೆ ಬೂಟು ಕೇಳಿದ. ಅಲ್ಲಿ ಕೊಂಡರೆ ಭಾರಿ ರೇಟಂತೆ, ಬೆಳಿಗ್ಗೆ ಓಡುವ ಅಭ್ಯಾಸ ತಪ್ಪಿಹೋಗಿದೆಯಂತೆ. ಬೂಟು, ಪುಸ್ತಕ, ಕುಕ್ಕರಿನ ಮುಚ್ಚಳ ಮೂರೂ ನಮ್ಮ ಮನೆಯ ಅಟ್ಟದ ಮೇಲಿವೆ. ಗಸಗಸೆಯಲ್ಲಿ ನಾವು ಪಾಯಸ ಮಾಡಿಕೊಂಡು ಕುಡಿದು ಮಲಗಿದೆವು.

ಓದುಗರಲ್ಲಿ ಯಾರಾದರೂ ಸದ್ಯದಲ್ಲಿ ಡಲ್ಲಾಸ್ ಕಡೆ ಹೊರಟಿದ್ದರೆ ದಯವಿಟ್ಟು ತಿಳಿಸಿ. ಒಂದು ಜೊತೆ ಬೂಟು, ಒಂದು ಪುಸ್ತಕ, ಒಂದು ಮುಚ್ಚಳ. ತಂಗಿ ಜೊತೆಗೆ ಒಂದು ಸಣ್ಣ ಡಬ್ಬಿ ಹಿಂಡಿ ಕಳಿಸುತ್ತಾಳಂತೆ. ಎಲ್ಲ ಸೇರಿ ಎರಡೇ ಕಿಲೋ, ಹೆಚ್ಚೇನಿಲ್ಲ. ಕೇಳಿದರೆ, ನಾನೇ ತುಂಬಿದ್ದು ಅಂತ ಹೇಳಿಬಿಡಿ.